ತಂತಿ ಸುಮ್ಮನಾದ ಗಳಿಗೆ

ನನ್ನ ನೌಕರಿಯಲ್ಲಿ ನಾನು ಹಾರಿದ್ದು ಕಡಿಮೆ, ಹಾರುವುದರ ಬಗ್ಗೆ ಮಾತಾಡಿದ್ದೇ ಹೆಚ್ಚು. ಕರಿಹಲಗೆಯ ಮುಂದೆ ನಿಂತು, ರೆಕ್ಕೆ ಯಾಕೆ ಎತ್ತುತ್ತದೆ, ಯಾವಾಗ ಕೈಬಿಡುತ್ತದೆ ಎಂದು ಹೇಳುತ್ತಲೇ ಕೂದಲು ಬೆಳ್ಳಗಾಯಿತು. ವಿಮಾನ ನಡೆಸುವ ಕೆಲಸಕ್ಕೆ ಹೊರಟ ಮಕ್ಕಳು ಈಗಲೂ ಮನೆಗೆ ಬರುತ್ತಾರೆ. ಬಂದವರು ಸುತ್ತಿ ಬಳಸಿ ಕೇಳುವುದು ಒಂದೇ ಮಾತು: "ಸರ್, ನೀವ್ಯಾಕ ಹಾರಾದು ಬಿಟ್ರಿ?" ಇಷ್ಟು ದಿನ ಅವರ ಕೈಗೆ ಚಹಾದ ಕಪ್ಪು ಕೊಟ್ಟು ಮಾತು ಮರೆಸುತ್ತಿದ್ದೆ. ಈಗ ಬರೆದೇ ಬಿಡುತ್ತೇನೆ. ಓದುವವರು ಇನ್ನೂ ಚಿಕ್ಕವರಿದ್ದೀರಿ, ನಿಮಗೆ ಉಪಯೋಗವಾದೀತು.

ಮೊದಲು ನನ್ನ ಮುತ್ಯಾನ, ಅಂದರೆ ಅಜ್ಜನ ವಿಷಯ ಹೇಳಬೇಕು, ಯಾಕೆಂದರೆ ಹಾರಾಟದ ಮೊದಲ ಪಾಠ ಹೇಳಿದವನು ಅವನೇ. ಅವನು ಜೀವನದಲ್ಲಿ ವಿಮಾನ ಹತ್ತಿದವನಲ್ಲ. ಅಫಜಲಪುರದ ದಕ್ಷಿಣಕ್ಕೆ ಭೀಮೆಯ ದಂಡೆಯಲ್ಲಿ ನಮ್ಮ ಊರು. ಅಲ್ಲಿ ದೋಣಿ ಹಾಕುವುದು ನಮ್ಮ ಮನೆತನದ ಕೆಲಸ. ನಾನು ಶಾಲೆಯಲ್ಲಿ ಕಲಿತದ್ದು ಉರ್ದು. ಆಗ ನಮ್ಮ ಕಡೆ ಸರಕಾರದ ಓದೆಲ್ಲ ಅದರಲ್ಲೇ. ಕನ್ನಡ ಕಲಿತದ್ದು ದೋಣಿಯ ಮೇಲೆ, ಮುತ್ಯಾನ ಬಾಯಿಂದ ಮತ್ತು ಆಚೆ ದಂಡೆಗೆ ಹೋಗುವ ಮುದುಕ ಮುದುಕಿಯರ ಬಾಯಿಂದ. ಹಾಗಾಗಿ ನನ್ನ ಬರವಣಿಗೆಯಲ್ಲಿ ಅಲ್ಲಲ್ಲಿ ನೀರಿನ ಸಪ್ಪಳ ಕೇಳಿಸಿದರೆ ಸಹಿಸಿಕೊಳ್ಳಿ.

ಒಮ್ಮೆ ಮುತ್ಯಾ ಹುಟ್ಟನ್ನು ನನ್ನ ಕೈಗೆ ಕೊಟ್ಟು, ಅದರ ಅಗಲವಾದ ತುದಿಯನ್ನು ಹರಿವಿಗೆ ಎದುರಾಗಿ ನೀರಿನೊಳಗೆ ಮಲಗಿಸಿ ಹಿಡಿಯಲು ಹೇಳಿದ. ಸಮವಾಗಿ ಮಲಗಿಸಿದಾಗ ನೀರು ಸುಮ್ಮನೆ ಜಾರಿಹೋಯಿತು. ಮುಂದಿನ ಅಂಚನ್ನು ತುಸು ಎತ್ತಿದೆ. ಯಾರೋ ಕೆಳಗಿನಿಂದ ಅಂಗೈ ಕೊಟ್ಟು ಎತ್ತಿದ ಹಾಗೆ ಹುಟ್ಟು ಮೇಲಕ್ಕೆ ಬಂತು. ಇನ್ನೂ ಎತ್ತಿದೆ, ಇನ್ನೂ ಜೋರು. ಆಸೆ ಬಿತ್ತು, ಮತ್ತಷ್ಟು ಎತ್ತಿದೆ. ಫಕ್ಕನೆ ಹುಟ್ಟಿನ ಬೆನ್ನ ಮೇಲೆ ನೀರು ಹರಿದು ಸುಳಿಸುಳಿಯಾಯಿತು, ಕೈಯಲ್ಲಿನ ಭಾರ ತಪ್ಪಿತು, ಹುಟ್ಟು ಗಡಗಡ ನಡುಗಿ ಮುಳುಗಿತು.

"ಹೆಚ್ಚು ಕೇಳಿದಿ, ನೀರು ಸಿಟ್ಟಾತು," ಎಂದು ಮುತ್ಯಾ ನಕ್ಕ. "ಒಂದಿಷ್ಟು ಇಳಸು, ಮತ್ತ ರಾಜಿ ಆಗ್ತದ."

ಮುಂದೆ ದಪ್ಪ ದಪ್ಪ ಪುಸ್ತಕ ಓದಿದೆ, ಬಾಣದ ಗುರುತಿನ ಚಿತ್ರಗಳನ್ನು ಸಾವಿರ ಸಲ ಬರೆದೆ. ರೆಕ್ಕೆಯ ಬಗ್ಗೆ ಆ ಮಧ್ಯಾಹ್ನಕ್ಕಿಂತ ಹೆಚ್ಚಿನದೇನೂ ತಿಳಿಯಲಿಲ್ಲ. ಗಾಳಿ ಒಂದು ತೆಳ್ಳಗಿನ ನದಿ. ರೆಕ್ಕೆ ಅದರಲ್ಲಿ ಓರೆಯಾಗಿ ಹಿಡಿದ ಹುಟ್ಟು. ಓರೆ ಅತಿಯಾದರೆ ಬೆನ್ನ ಮೇಲಿನ ಹರಿವು ಒಡೆಯುತ್ತದೆ, ರೆಕ್ಕೆ ಕೈಬಿಡುತ್ತದೆ. ಅದಕ್ಕೇ ನಾವು ಸ್ಟಾಲ್ ಎನ್ನುತ್ತೇವೆ.

ಮುತ್ಯಾ ಹೇಳಿದ ಎರಡನೆಯ ಮಾತು ಹುಟ್ಟು ಹಾಕುವಾಗಿನದು. ನಾನು ಆಚೆ ದಂಡೆಯ ಬೇವಿನ ಮರವನ್ನೇ ನೋಡುತ್ತ ಹುಟ್ಟು ಹಾಕುತ್ತಿದ್ದೆ. ಮುತ್ಯಾ ಬೆನ್ನಿಗೊಂದು ಮೆಲ್ಲಗೆ ಕೊಟ್ಟು, "ದಂಡಿ ನೋಡಬ್ಯಾಡಲೇ, ನೀರ ನೋಡು. ದಂಡಿ ಎಲ್ಲಿಗಿ ಹೋಗ್ತದ? ನೀ ಇರಾದು ನೀರ ಮ್ಯಾಲ," ಎಂದ. ನನಗೆ ಅರ್ಥವಾಯಿತು ಎಂದುಕೊಂಡೆ. ಆಗಿರಲಿಲ್ಲ.

ವಿಮಾನಕ್ಕೆ ನಾನು ಬಂದದ್ದು ಹಿಂಬಾಗಿಲಿನಿಂದ. ಮೆಟ್ರಿಕ್ ಮುಗಿಸಿ ಹೈದರಾಬಾದಿಗೆ ಹೋಗಿ, ಅಲ್ಲಿನ ವಿಮಾನ ರಿಪೇರಿಯ ಕಾರ್ಖಾನೆಯೊಂದರಲ್ಲಿ ತಂತಿ ಬಿಗಿಯುವ ಕೆಲಸಕ್ಕೆ ಸೇರಿದೆ. ಆಗಿನ ಕಲಿಕೆಯ ವಿಮಾನಗಳಿಗೆ ಮೇಲೊಂದು ಕೆಳಗೊಂದು ರೆಕ್ಕೆ. ಕಟ್ಟಿಗೆಯ ಹಂದರ, ಅದಕ್ಕೆ ಬಟ್ಟೆ ಹೊದಿಸಿ ಬಣ್ಣ ಬಳಿದದ್ದು. ಎರಡು ರೆಕ್ಕೆಗಳ ನಡುವೆ ಬಿಗಿದ ಉಕ್ಕಿನ ತಂತಿಗಳೇ ಅದರ ನರ. ಹಾರುವಾಗ ಆ ತಂತಿಗಳು ಹಾಡುತ್ತವೆ. ವೇಗ ಹೆಚ್ಚಿದರೆ ದನಿ ಏರುತ್ತದೆ, ವೇಗ ತಗ್ಗಿದರೆ ದನಿ ಇಳಿಯುತ್ತದೆ, ತೀರ ತಗ್ಗಿದರೆ ಪಿಸುಗುಟ್ಟಿ ಸುಮ್ಮನಾಗುತ್ತದೆ. ಮಹಾಯುದ್ಧ ಶುರುವಾಗಿ ಹಾರುವವರು ಬೇಕಾದಾಗ ನನ್ನನ್ನೂ ಮೇಲೆ ಕಳಿಸಿದರು. ಎರಡು ವರ್ಷದಲ್ಲಿ ನಾನೇ ಕಲಿಸುವವನಾದೆ.

ನಮ್ಮ ಮೇಲಿನವರು ಕರೀಮುದ್ದೀನ್ ಸಾಹೇಬರು. ಚಿತ್ತಾಪುರದ ಕಡೆಯವರು, ಕನ್ನಡ, ಉರ್ದು ಎರಡನ್ನೂ ಒಂದೇ ಉಸಿರಿನಲ್ಲಿ ಬೆರೆಸಿ ಆಡುತ್ತಿದ್ದರು. ಉದ್ದನೆಯ ಮನುಷ್ಯ, ಮೆಲ್ಲಗಿನ ದನಿ. ಸಿಟ್ಟು ಬಂದಷ್ಟೂ ದನಿ ಇನ್ನೂ ಮೆಲ್ಲಗಾಗುತ್ತಿತ್ತು. ಅವರು ಪಿಸುಮಾತಿನಲ್ಲಿ ಹೆಸರು ಹಿಡಿದು ಕರೆದರೆ ನಮಗೆ ಬೆವರು ಬರುತ್ತಿತ್ತು.

ಒಂದು ಮಳೆಗಾಲದ ಮೊದಲಿಗೆ ನಮ್ಮ ಒಂದು ತುಕಡಿಯನ್ನು ಆಳಂದದ ಹೊರಗಿನ ಮೊರಂ ಬಯಲಿಗೆ, ಗಟ್ಟಿ ಕೆಂಪು ಜಲ್ಲಿಯ ನೆಲಕ್ಕೆ ಕಳಿಸಿದರು. ಸುತ್ತಲಿನ ಎರೆ ಹೊಲಗಳಲ್ಲಿ ಒಂದು ಮಳೆ ಬಿದ್ದರೂ ಗಾಲಿ ಹೂತುಹೋಗುತ್ತದೆ; ಆ ಕೆಂಪು ಬಯಲಿನಲ್ಲಿ ಹಾಗಾಗುತ್ತಿರಲಿಲ್ಲ. ನಾಲ್ಕು ಡೇರೆ, ಗಾಳಿಯ ದಿಕ್ಕು ತೋರಿಸುವ ಒಂದು ಗಾಳಿಚೀಲ, ಮೂರು ವಿಮಾನ. ಅಲ್ಲಿಂದ ಹುಡುಗರು ಮುಕ್ಕೋನದ ಹಾರಾಟ ಮಾಡಬೇಕು: ಆಳಂದದಿಂದ ಅಫಜಲಪುರ, ಅಲ್ಲಿಂದ ಜೇವರ್ಗಿ, ಜೇವರ್ಗಿಯಿಂದ ತಿರುಗಿ ಆಳಂದ. ಆಷಾಢದ ಪಡುವಣ ಗಾಳಿಯಲ್ಲಿ ದಾರಿ ತಪ್ಪದೆ ಬರುವುದೇ ಪರೀಕ್ಷೆ. ಗಾಳಿ ಪಕ್ಕದಿಂದ ಬೀಸಿದಾಗ ವಿಮಾನದ ಮೂಗನ್ನು ಗಾಳಿಯ ಕಡೆಗೆ ತುಸು ತಿರುಗಿಸಿ ಹಿಡಿಯಬೇಕು, ಆಗಲೇ ನೆಟ್ಟಗೆ ಹೋದೀತು. ಹರಿವಿನಲ್ಲಿ ದೋಣಿಯ ಮೂಗು ಮೇಲಕ್ಕೆ ಹಿಡಿದು ನೇರ ಎದುರು ದಂಡೆ ಮುಟ್ಟುವ ಹಾಗೆ.

ನನ್ನ ಪಾಲಿಗೆ ಬಂದ ಹುಡುಗ ಶರಣಪ್ಪ, ಅಲ್ಲೇ ನರೋಣಾದವನು. ಮೈಕಟ್ಟಿನ ಆಳು, ಒಕ್ಕಲು ಮನೆ, ಭಜನೆಯಲ್ಲಿ ಏಕತಾರಿ ನುಡಿಸುವವನು. ಕಾಲೇಜು ಓದಿದ್ದರೂ ಕೈಗೆ ಗಾಡಿಯ ಹಗ್ಗದ ನೆನಪು ಹೋಗಿರಲಿಲ್ಲ. ಸ್ಟಾಲ್ ಕಲಿಸುವಾಗ ವಿಮಾನದ ಮೂಗು ಕೆಳಗೆ ಬಿದ್ದೊಡನೆ ಅವನು ಸ್ಟಿಕ್ಕನ್ನು ಎರಡೂ ಕೈಯಿಂದ ಎದೆಗೆ ಜಗ್ಗುತ್ತಿದ್ದ. ಸ್ಟಿಕ್ಕೆಂದರೆ ವಿಮಾನ ನಡೆಸುವ ಕೋಲು; ಎರಡೂ ಆಸನಕ್ಕೆ ಒಂದೊಂದು, ಆದರೆ ಒಳಗೆ ಕೂಡಿಸಿದ್ದರಿಂದ ಒಂದು ಆಡಿದರೆ ಇನ್ನೊಂದೂ ಆಡುತ್ತದೆ. ಜಗ್ಗಿದಷ್ಟೂ ರೆಕ್ಕೆಯ ಓರೆ ಹೆಚ್ಚಿ ವಿಮಾನ ಇನ್ನಷ್ಟು ಬೀಳುತ್ತದೆ. ಆಗ ಸ್ಟಿಕ್ಕನ್ನು ಮುಂದಕ್ಕೆ ಬಿಟ್ಟು ಮೂಗು ಇಳಿಸಬೇಕು, ಹರಿವು ಮತ್ತೆ ಕೂಡಿಕೊಳ್ಳಲು ಬಿಡಬೇಕು. ಬೀಳುವವನಿಗೆ ಇನ್ನೂ ಕೆಳಗೆ ಬಾಗು ಎನ್ನುವುದು ಸುಲಭವೇ?

"ಎತ್ತು ಇಳಕಲಿನ್ಯಾಗ ಓಡಿದ್ರ ಹಗ್ಗ ಜಗ್ಗಾದೇ ಅಲ್ರೀ ಸರ್?" ಎಂದು ಅವನು ಕೇಳಿದ.

"ಎತ್ತಿಗಿ ಹಗ್ಗದ ಭಾಷಾ ತಿಳೀತದೋ ಮಾರಾಯಾ. ಗಾಳಿಗಿ ನೀ ಜಗ್ಗಿದ್ದು ಗೊತ್ತೇ ಆಗಂಗಿಲ್ಲ."

ಸಾಹೇಬರು ಅವನನ್ನು ಒಮ್ಮೆ ತಾವೇ ಪರೀಕ್ಷಿಸಿ, ಇಳಿದು ಬಂದು ನನಗೆ ಮೆಲ್ಲಗೆ ಹೇಳಿದರು: "ಮಿಯಾ, ಇವ ಅಚ್ಛಾ ಗಾಡಿವಾಲಾ ಇದ್ದಾನ. ಇನ್ನೊಂದು ಗಲತಿ ಆತಂದ್ರ ಸೀದಾ ನರೋಣಾಕ್ಕ ವಾಪಸ್." ಎಂದರೆ ಒಂದೇ ಒಂದು ತಪ್ಪು ಉಳಿದಿತ್ತು ಅವನಿಗೆ. ಆ ಬಯಲಿನಿಂದ ಅವನ ಊರು ಹತ್ತಿರ. ತಲೆಯ ಮೇಲೆ ಹಾರುವ ವಿಮಾನದಲ್ಲಿ ನಮ್ಮ ಶರಣ್ಯಾ ಇದ್ದಾನೆಂದು ಊರಿಗೆ ಊರೇ ಹೊಲದಲ್ಲಿ ನಿಂತು ಕೈ ಬೀಸುತ್ತಿತ್ತು. ಆ ಊರಿಗೆ ತಿರುಗಿ ನಡೆದುಕೊಂಡು ಹೋಗುವುದೆಂದರೆ ಏನು ಎಂಬುದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಾನು ಅವನ ಕಣ್ಣು ಬಿಟ್ಟು ಕಿವಿ ಹಿಡಿದೆ. "ಶರಣಪ್ಪ, ಮೀಟರ್ ನೋಡಬ್ಯಾಡ, ನೆಲ ನೋಡಬ್ಯಾಡ. ತಂತಿ ಕೇಳು. ಏಕತಾರಿ ಅಂತ ತಿಳಕೋ. ಶ್ರುತಿ ಇಳದ ಕೂಡಲೇ ಕೈ ಮುಂದ." ಮರುದಿನ ಮೋಡಗಳ ಕೆಳಗೆ ಹೋಗಿ ನಾನು ಬೇಕೆಂದೇ ವೇಗ ತಗ್ಗಿಸಿದೆ. ತಂತಿಯ ದನಿ ಇಳಿಯಿತು. ಹಿಂದಿನ ಆಸನದಲ್ಲಿ ಅವನ ಕೈ ಮೆತ್ತಗೆ ಮುಂದೆ ಹೋಯಿತು. ವಿಮಾನ ಹಸುವಿನ ಹಾಗೆ ತಲೆ ಬಾಗಿಸಿ ಮತ್ತೆ ನಡೆಯಿತು. ಹತ್ತು ಸಲ ಮಾಡಿದೆವು, ಹತ್ತೂ ಸಲ ಸರಿ. ಎರಡು ಆಸನಗಳ ನಡುವಿನ ಮಾತಿನ ಕೊಳವೆಯಲ್ಲಿ ಅವನು ಗುಣುಗುಣು ಹಾಡುತ್ತಿದ್ದದ್ದು ನನ್ನ ಕಿವಿಗೆ ಬರುತ್ತಿತ್ತು. ಕೆಳಗೆ ಕರಿಮೋಡದ ನೆರಳುಗಳು ಎರೆ ಹೊಲದ ಮೇಲೆ ನಮಗಿಂತ ನಿಧಾನವಾಗಿ ಅಫಜಲಪುರದ ಕಡೆಯಿಂದ ಆಳಂದದ ಕಡೆಗೆ ನಡೆದು ಹೋಗುತ್ತಿದ್ದವು. ಕಲಿಸುವವನ ಬದುಕಿನಲ್ಲಿ ಅಂಥ ಬೆಳಗು ಬಹಳ ಇರುವುದಿಲ್ಲ.

ಅದಾದ ಮೇಲಿನ ಮಂಗಳವಾರ ಮುಕ್ಕೋನದ ಹಾರಾಟಕ್ಕೆ ಹೊರಟೆವು. ನಾನು ಮುಂದಿನ ಆಸನದಲ್ಲಿ, ಅವನು ಹಿಂದೆ. ಗಾಳಿ ಎದುರಿಗೆ ಜೋರಾಗಿತ್ತು. ನೆಲ ಕೆಳಗೆ ಎಷ್ಟು ನಿಧಾನ ಸರಿಯುತ್ತಿತ್ತೆಂದರೆ ರಸ್ತೆಯ ಎತ್ತಿನ ಗಾಡಿಯೊಂದು ನಮಗೆ ಜೊತೆಗಾರನಂತೆ ಕಂಡಿತು. ಅಫಜಲಪುರದ ಮೇಲೆ ಶರಣಪ್ಪ ಸರಿಯಾಗಿ ಬಂದ. ದಕ್ಷಿಣಕ್ಕೆ ಭೀಮೆ ಹೊಸ ನೀರು ತುಂಬಿಕೊಂಡು, ಯಾರೋ ಒಗೆದು ಒಣಹಾಕಿದ ಕೆಂಪಂಚಿನ ಧೋತರದ ಹಾಗೆ ಬಿದ್ದಿತ್ತು. ಅದರ ನಡುವೆ ಒಂದು ಕಪ್ಪು ಚುಕ್ಕೆ. ನಮ್ಮ ದೋಣಿ.

ನನ್ನ ಒಳಗೆ ಏನಾಯಿತೋ! ಹೈದರಾಬಾದಿಗೆ ಹೋದ ಮೇಲೆ ಮುತ್ಯಾ ನನ್ನನ್ನು ಕೇಳಿದ್ದು ಒಂದೇ: "ಹಾರತಿ ಅಂತಾರ, ಖರೇನೋ ಸುಳ್ಳೋ?"

"ಶರಣಪ್ಪ, ಸ್ಟಿಕ್ ನನಗ ಕೊಡು. ಐದು ನಿಮಿಷ."

"ತಗೋರಿ ಸರ್," ಎಂದ ಅವನು. ಆಮೇಲೆ ಕೊಳವೆಯಲ್ಲಿ ಅನುಮಾನದ ದನಿ: "ಸರ್, ಕೆಳಗ ಹೊಂಟೀವಲ್ರೀ?"

ತಗ್ಗಿನಲ್ಲಿ ಹಾರಬಾರದು ಎಂಬುದು ನಮ್ಮಲ್ಲಿ ಮೊದಲ ಕಾಯಿದೆ. ಮುರಿದವನು ಕಲಿಯುವವನಾದರೆ ಮನೆಗೆ, ಕಲಿಸುವವನಾದರೆ ನೆಲಕ್ಕೆ, ಮತ್ತೆ ಹಾರುವಂತಿಲ್ಲ. ನಾನು ಕೇಳಿಸದವನ ಹಾಗೆ ಇಳಿದೆ. ನಾಲ್ಕು ಬೇವಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರಕ್ಕೆ ಬಂದು, ಗಾಳಿಗೆ ಎದುರಾಗಿ ನದಿಯ ಗುಂಟ ಹೋದೆ. ನೆಲ ಮೆಲ್ಲಮೆಲ್ಲಗೆ ಸರಿಯಿತು. ದೋಣಿಯಲ್ಲಿ ಐದಾರು ಮಂದಿ, ಒಂದು ಕುರಿ, ಹಿಂದೆ ನಿಂತ ಮುತ್ಯಾನ ಬಿಳಿ ರುಮಾಲು. ಎಲ್ಲ ಕನಸಿನಲ್ಲಿ ಕಂಡಷ್ಟು ಸಾವಕಾಶ. ಕೈ ಬೀಸಿದೆ. ಅವನು ನೋಡಿದನೋ ಇಲ್ಲವೋ ತಿಳಿಯಲಿಲ್ಲ, ಅದಕ್ಕೇ ಇನ್ನೊಂದು ಸುತ್ತು ಹಾಕೋಣವೆಂದು ತಿರುಗಿದೆ.

ತಿರುಗಿದಾಗ ಗಾಳಿ ಬೆನ್ನಿಗೆ ಬಂತು. ಅಷ್ಟು ಹೊತ್ತು ತೆವಳುತ್ತಿದ್ದ ದಂಡೆ ಈಗ ಕೆಳಗೆ ಓಡತೊಡಗಿತು. ಜಾಲಿ ಮರಗಳು, ಬಟ್ಟೆ ಒಗೆಯುವ ಕಲ್ಲು, ಹೊಲದ ಬದು, ಎಲ್ಲ ಸರಸರ ಹಿಂದೆ ಹೋದವು. 'ಅಬ್ಬಾ, ವೇಗ ಹೆಚ್ಚಾಯಿತು' ಎಂದು ನನ್ನ ಕಣ್ಣು ಹೇಳಿತು. ಎಂಜಿನ್ನಿನ ಬಲ ತಗ್ಗಿಸಿದೆ, ಮೂಗು ಎತ್ತಿದೆ.

ಮಕ್ಕಳೇ, ಇಲ್ಲಿ ನಿಂತು ಓದಿ. ದಂಡೆ ಓಡಿದ್ದು ಗಾಳಿ ನಮ್ಮನ್ನು ಹೊತ್ತೊಯ್ಯುತ್ತಿದ್ದುದರಿಂದ. ಗಾಳಿಯ ಒಳಗೆ ನಮ್ಮ ವೇಗ ಮೊದಲಿನಷ್ಟೇ ಇತ್ತು. ರೆಕ್ಕೆಗೆ ಗೊತ್ತಿರುವುದು ತನ್ನ ಮೇಲೆ ಹರಿಯುವ ಗಾಳಿ ಮಾತ್ರ. ಕೆಳಗೆ ನೆಲ ಓಡುತ್ತಿದೆಯೋ ನಿಂತಿದೆಯೋ ಅದಕ್ಕೆ ಬೇಕಿಲ್ಲ. ನಾನು ನೆಲ ನೋಡಿ ವೇಗ ತಗ್ಗಿಸಿದೆ. ಇದ್ದಷ್ಟು ಬಂಡವಾಳವನ್ನೂ ಚೆಲ್ಲಿಕೊಂಡೆ.

ಮೊದಲು ಒಂದು ನೆಮ್ಮದಿ ಬಂತು. ಬಹಳ ಸುಖವಾದ, ನಿದ್ದೆ ಬರುವಂಥ ಮೌನ. ಸ್ಟಿಕ್ಕು ಕೈಯಲ್ಲಿ ಹೂವಿನಷ್ಟು ಹಗುರ. ಆಮೇಲೆ ಹಿಂದಿನಿಂದ ಕೂಗು:

"ಸರ್, ತಂತಿ ಸುಮ್ಮನಾದ್ವು ರೀ!"

ಮೂಗು ಬಿತ್ತು. ಎಡ ರೆಕ್ಕೆ ಬಾಗಿತು. ದೋಣಿ, ಕುರಿ, ಬಿಳಿ ರುಮಾಲು ಎಲ್ಲ ನನ್ನ ಮುಖಕ್ಕೆ ಏರಿ ಬಂದವು. ಆಗ ನಾನು, ಹತ್ತಾರು ಹುಡುಗರಿಗೆ ಕಲಿಸಿದ ನಾನು, ಸ್ಟಿಕ್ಕನ್ನು ಎದೆಗೆ ಜಗ್ಗಿದೆ. ಅದು ಬರಲಿಲ್ಲ. ಹಿಂದೆ ಕೂತವನು ಅದನ್ನು ಮುಂದಕ್ಕೆ ಒತ್ತುತ್ತಿದ್ದ. ಒಂದು ಗಳಿಗೆ ಇಬ್ಬರೂ ಜಗಳಾಡಿದೆವು, ಮಾತಿಲ್ಲದೆ, ಒಂದು ಕೋಲು ಹಿಡಿದುಕೊಂಡು. ಆಮೇಲೆ ನಾನು ಕೈ ಬಿಟ್ಟು, ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟೆ. ತಂತಿ ಪಿಸುಗುಟ್ಟಿತು, ಗುನುಗಿತು, ಹಾಡಿತು. ಕೆಳಗೆ ಏನೋ ಬರಬರ ಹರಿದ ಸಪ್ಪಳ. ನಾವು ನದಿ ದಾಟಿ ಏರಿದೆವು.

ಜೇವರ್ಗಿಯಲ್ಲಿ ಉತ್ತರಕ್ಕೆ ತಿರುಗುವಾಗ ಅವನೇ ಕೇಳಿದ, "ಮೂಗು ಗಾಳಿ ಕಡಿ ಎಷ್ಟು ಹಿಡೀಲ್ರಿ ಸರ್?" ಏನೂ ಆಗದವನ ಹಾಗೆ.

ಆಳಂದದಲ್ಲಿ ಇಳಿದಾಗ ಗಾಲಿಯ ಕಂಬಕ್ಕೆ ಒಂದು ಜಾಲಿಯ ಟೊಂಗೆ ಸಿಕ್ಕಿಕೊಂಡಿತ್ತು, ಹಳದಿ ಹೂವಿನ ಸಮೇತ. ಸಾಹೇಬರು ಅದನ್ನು ಬಿಡಿಸಿ ಕೈಯಲ್ಲಿ ಹಿಡಿದು, ಬಹಳ ಮೆಲ್ಲಗೆ ಕೇಳಿದರು: "ಇಷ್ಟು ಎತ್ತರಕ್ಕ ಬೆಳಿಯೋ ಜಾಲಿ ನಾ ಎಲ್ಲೂ ನೋಡಿಲ್ಲ. ಯಾರ ಕೈಯಾಗಿತ್ತು ಸ್ಟಿಕ್?"

ನಾನು ಬಾಯಿ ತೆರೆಯುವ ಮೊದಲೇ ಶರಣಪ್ಪ, "ನನ್ನ ಕೈಯಾಗ್ರಿ," ಎಂದ.

ಸುಳ್ಳು ಪೂರ್ತಿ ಸುಳ್ಳಾಗಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಅದು ಅವನ ಕೈಯಲ್ಲೇ ಇತ್ತು. ಆ ಸಂದಿಯಲ್ಲಿ ನಾನು ಅಡಗಿಕೊಂಡೆ. ಹೌದು, ಸುಮ್ಮನೆ ನಿಂತೆ. ಸಾಹೇಬರು ನಮ್ಮಿಬ್ಬರನ್ನೂ ನೋಡಿ, "ಶುಕ್ರವಾರ ನಮಾಜ್ ಆದ ಮ್ಯಾಲ ಹೇಳತೇನಿ," ಎಂದು ಟೊಂಗೆಯನ್ನು ಡೇರೆಗೆ ಒಯ್ದರು.

"ಯಾಕ ಹಾಂಗ ಅಂದಿ?" ಎಂದು ನಾನು ಶರಣಪ್ಪನನ್ನು ಹಿಡಿದು ಕೇಳಿದೆ.

"ನಾ ಹ್ವಾದ್ರ ಒಬ್ಬವ ಹೋಗ್ತೇನ್ರಿ. ನೀವು ಹ್ವಾದ್ರ ನಮ್ಮ ಕಡಿ ಹುಡುಗ್ರಿಗಿ ನಮ್ಮ ಮಾತಿನ್ಯಾಗ ಯಾರು ತಿಳಿಸಿ ಹೇಳ್ತಾರ್ರಿ? ಎತ್ತು, ಹಗ್ಗ, ಏಕತಾರಿ ಅಂತ?" ಎಂದು ಅವನು ಬೂಟಿನ ದಾರ ಬಿಚ್ಚುತ್ತ ಕೂತ. ಮುಖ ಮಾತ್ರ ಎತ್ತಲಿಲ್ಲ.

ಮೂರು ದಿನ ನಾನು ಊಟ ಮಾಡಿದೆ, ತಂತಿ ಬಿಗಿದೆ, ಬೇರೆ ಹುಡುಗರಿಗೆ ಪಾಠ ಹೇಳಿದೆ. ನರೋಣಾದ ಹೊಲಗಳ ಮೇಲೆ ಹೋದಾಗ ಮಂದಿ ಕೈ ಬೀಸಿದರು. ನಾನು ಬೀಸಲಿಲ್ಲ.

ಶುಕ್ರವಾರ ಬೆಳಿಗ್ಗೆ ಬಯಲಿನ ಅಂಚಿನಲ್ಲಿ ಪೆಟ್ರೋಲ್ ಸಿಗದ ಆ ದಿನಗಳ ಇದ್ದಿಲ ಗ್ಯಾಸಿನ ಬಸ್ಸು ಕೆಮ್ಮುತ್ತ ನಿಂತು, ಬಿಳಿ ರುಮಾಲಿನ ಮುದುಕನನ್ನು ಇಳಿಸಿ ಹೋಯಿತು. ಮುತ್ಯಾ. ಹೆಗಲ ಮೇಲಿನ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ.

"ಜೀವಂತ ಇದ್ದಿ," ಎಂದ. ನನ್ನ ಎರಡೂ ಭುಜ ಮುಟ್ಟಿ ನೋಡಿದ. ಆಮೇಲೆ ನೆರಳಿಗೆ ಕೂತು ರೊಟ್ಟಿ ಬಿಚ್ಚುತ್ತ ಹೇಳಿದ: "ಕೈ ಬೀಸಿದ್ದು ನೋಡಿ ನೀನೇ ಅಂತ ಗೊತ್ತಾತು. ಗಾಳಿಗಿ ಎದುರು ಬಂದಾಗ ಛಂದ ಬಂದಿ. ತಿರುಗಿದ ಮ್ಯಾಲ ದಂಡಿ ನೋಡಿದಿ. ಹೌದಿಲ್ಲೋ?"

ವಿಮಾನವನ್ನೇ ಅರಿಯದ ಆ ಮುದುಕ ಕೆಳಗೆ ನಿಂತು ನನ್ನ ತಪ್ಪನ್ನು ಓದಿಬಿಟ್ಟಿದ್ದ. ನಾನು ಎಲ್ಲ ಹೇಳಿದೆ, ಶರಣಪ್ಪನ ಮಾತನ್ನೂ, ನನ್ನ ಮೌನವನ್ನೂ. ಮುತ್ಯಾ ಒಂದು ತುಂಡು ರೊಟ್ಟಿ ಮುರಿದು ನನ್ನ ಕೈಗಿಟ್ಟ.

"ನಾನೂ ಅವತ್ತ ತಪ್ಪಿದೆ," ಎಂದ. "ನೀ ಬೀಳಾಕತ್ತಿದ್ದು ನೋಡಿ ಹುಟ್ಟು ಬಿಟ್ಟು ಮ್ಯಾಲ ನೋಡಕೋತ ನಿಂತೆ. ದೋಣಿ ಹರಿವಿನ ಗುಂಟ ಎರಡು ಹೊಲದಷ್ಟು ಕೆಳಗ ಹೋತು. ದಂಡಿಗಿ ಹಚ್ಚಿದ ಮ್ಯಾಲ ಕೂತವರಿಗೆಲ್ಲ ಕೈ ಮುಗದು, ತಪ್ಪು ನಂದು ಅಂದೆ. ಅಂದ ಮ್ಯಾಲ ಊಟ ಹೋತು ನೋಡು ಹೊಟ್ಟ್ಯಾಗ."

ನಾನು ಎದ್ದು ಸಾಹೇಬರ ಡೇರೆಗೆ ಹೋದೆ. ಮುತ್ಯಾನೂ ಹಿಂದೆ ಬಂದ. ಮೇಜಿನ ಮೇಲೆ ಜಾಲಿಯ ಟೊಂಗೆ ಒಣಗಿ ಮಲಗಿತ್ತು.

"ಸಾಹೇಬ್ರ, ಸ್ಟಿಕ್ ನನ್ನ ಕೈಯಾಗಿತ್ತು. ಶರಣಪ್ಪ ಒತ್ತಿ ನಮ್ಮಿಬ್ಬರನ್ನೂ ಉಳಿಸಿದ. ನಾ ಜಗ್ಗಾಕತ್ತಿದ್ದೆ. ದಂಡಿ ನೋಡಿ ತಪ್ಪಿದಿ ಅಂತ ಈ ನಮ್ಮ ಮುತ್ಯಾ ಕೆಳಗ ದೋಣ್ಯಾಗ ನಿಂತೇ ಹಿಡದಾನ."

ಸಾಹೇಬರು ಆಶ್ಚರ್ಯಪಡಲಿಲ್ಲ. "ಮೂರು ದಿನ ಹಿಡೀತು ನಿನಗ," ಎಂದರು. "ಭೀಮಾ ದಂಡಿ ನಿನ್ನ ಊರು, ಅಲ್ಲಿ ಕೆಳಗ ಇಳಿಯೋ ಆಶಾ ಅವಂಗ ಯಾಕ ಬರ್ತದ? ಅವ ಜಗ್ಗಿದ್ದರ ಇಬ್ಬರೂ ಭೀಮಾದಾಗ ಇರ್ತಿದ್ರಿ, ಅಷ್ಟು ನನಗ ತಿಳೀತದ. ನೀ ಬರತೀ ಇಲ್ಲೋ ಅಂತ ಕಾಯಾಕತ್ತಿದ್ದೆ." ಆಮೇಲೆ ಮುತ್ಯಾನ ಕಡೆ ತಿರುಗಿ, "ಬಡೇ ಮಿಯಾ, ನಿಮಗ ಕೆಳಗ ನಿಂತು ಹ್ಯಾಂಗ ತಿಳೀತು?" ಎಂದು ಕೇಳಿದರು.

ಮುತ್ಯಾ ಎಲ್ಲವನ್ನೂ ಹೇಳಿದ: ನೀರು, ದಂಡೆ, ಓರೆ ಹಿಡಿದ ಹುಟ್ಟು, ಸಿಟ್ಟಾಗುವ ಸುಳಿ. ಸಾಹೇಬರು ಗದ್ದಕ್ಕೆ ಕೈಯಿಟ್ಟು, ಕಥೆ ಕೇಳುವ ಮಗುವಿನ ಹಾಗೆ ಕೇಳಿದರು. ಹೊರಗೆ ಗಾಳಿಚೀಲ ಪಟಪಟ ಬಡಿದುಕೊಳ್ಳುತ್ತಿತ್ತು.

ಕೊನೆಗೆ ನನಗೆ ಹೇಳಿದರು: "ಕಾಯಿದೆ ಕಾಯಿದೆ. ಇವತ್ತಿನಿಂದ ಸ್ಟಿಕ್ ನಿನ್ನ ಕೈಗಿ ಇಲ್ಲ. ಆದ್ರ ನಿನ್ನ ಬಾಯಿ ನನಗ ಬೇಕು. ಕ್ಲಾಸಿನ್ಯಾಗ ನಿಂತು ಇದನ್ನೇ ಹೇಳು. ಮೊದಲ ಪಾಠ ಈ ಟೊಂಗಿದು." ಶರಣಪ್ಪನ ಕಾಗದದ ಮೇಲೆ ಅವರು ಪಾಸು ಎಂದು ಬರೆದರು. ಸುಳ್ಳು ಹೇಳಿದ್ದಕ್ಕೆ ಒಂದು ವಾರ ಡೇರೆಗಳ ಸುತ್ತ ಕಲ್ಲು ಆರಿಸುವ ಶಿಕ್ಷೆಯನ್ನೂ ಕೊಟ್ಟರು.

ನಾನು ಹಾರುವುದು ಬಿಟ್ಟದ್ದು ಹೀಗೆ. ಮುಂದಿನ ತಿಂಗಳು ಬಸ್ಸಿನ ಕಂಡಕ್ಟರನ ಕೈಯಲ್ಲಿ ಮುತ್ಯಾ ಒಂದು ಹಳೆಯ ಹುಟ್ಟು ಕಳಿಸಿದ. ಅದನ್ನು ನೀರಿನ ತೊಟ್ಟಿಯಲ್ಲಿ ಪ್ರತಿ ಹುಡುಗನ ಕೈಗೂ ಕೊಟ್ಟು ಎಳೆಸಿದ್ದೇನೆ. ಸುಳಿಯಾಗಿ ಕೈ ನಡುಗಿದಾಗ ಅವರ ಮುಖದಲ್ಲಿ ಬರುವ ಆ ಬೆರಗನ್ನು ನೋಡುತ್ತಲೇ ನನ್ನ ನೌಕರಿ ಮುಗಿಯಿತು. ಕಾಲ ಬದಲಾಯಿತು. ವಿಮಾನಗಳಿಗೆ ಒಂದೇ ರೆಕ್ಕೆ ಉಳಿಯಿತು, ತಂತಿಗಳು ಹೋದವು, ವೇಗ ತಗ್ಗಿದರೆ ಗಂಟೆ ಬಾರಿಸುವ ಯಂತ್ರ ಬಂತು. ಗಾಳಿ ಮಾತ್ರ ಬದಲಾಗಲಿಲ್ಲ.

ಯುದ್ಧ ಮುಗಿದ ಮೇಲಿನ ಒಂದು ಆಷಾಢದಲ್ಲಿ, ಆಗ ತಾನೂ ಕಲಿಸುವವನಾಗಿದ್ದ ಶರಣಪ್ಪ ಸಾಹೇಬರನ್ನು ಕೇಳಿಕೊಂಡು ನನ್ನನ್ನು ಒಮ್ಮೆ ಮೇಲೆ ಕರೆದೊಯ್ದ. ಅದೇ ಮುಕ್ಕೋನ. ಈ ಸಲ ಅವನು ಮುಂದೆ, ನಾನು ಹಿಂದೆ. ಅಫಜಲಪುರ ದಾಟಿ ನದಿಯ ಮೇಲೆ ಬಂದಾಗ ಅವನು ಎತ್ತರ ಒಂದಿಷ್ಟೂ ಇಳಿಸದೆ, ಅಗಲವಾಗಿ ಒಂದು ಸುತ್ತು ಹಾಕಿದ.

"ಸರ್, ಸ್ಟಿಕ್ ತಗೋತೀರೇನ್ರಿ ಒಂದ್ನಿಮಿಷ? ಯಾರೂ ನೋಡಂಗಿಲ್ಲ," ಎಂದು ಕೊಳವೆಯಲ್ಲಿ ಕೇಳಿದ.

"ಬ್ಯಾಡಪ್ಪ. ನಾ ತಂತಿ ಕೇಳ್ತೇನಿ, ನೀ ಹಾರಸು."

ಗಾಳಿಗೆ ಬೆನ್ನು ಕೊಟ್ಟು ತಿರುಗಿದಾಗ ದಂಡೆ ಕೆಳಗೆ ಬೇಗಬೇಗ ಸರಿಯಿತು. ತಂತಿಯ ದನಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಕೆಂಪು ನೀರಿನ ನಡುವೆ ನಮ್ಮ ದೋಣಿ ಹರಿವಿಗೆ ಮೂಗು ಓರೆ ಮಾಡಿಕೊಂಡು ಆಚೆ ದಂಡೆಗೆ ಹೊರಟಿತ್ತು. ನಮ್ಮ ಎಂಜಿನ್ನಿನ ಸಪ್ಪಳ ಮುತ್ಯಾನಿಗೆ ಕೇಳಿಸದೆ ಇರಲಿಲ್ಲ. ಬಾಗಿ ನೋಡುತ್ತಲೇ ಇದ್ದೆ. ದೋಣಿ ಗೆರೆ ಬಿಡಲಿಲ್ಲ. ಬಿಳಿ ರುಮಾಲು ಒಮ್ಮೆಯೂ ಮೇಲಕ್ಕೆ ತಿರುಗಲಿಲ್ಲ. ಅವನು ನೀರು ನೋಡುತ್ತಿದ್ದ.